ನಗರದ ಛಾಯಾಚಿತ್ರಗಳನ್ನು ಓದುವುದು ಹೇಗೆ?

ಪ್ರತಿಯೊಂದು ನಗರಕ್ಕೂ ಎರಡು ಬಗೆಯ ಛಾಯಾಚಿತ್ರಗಳಿರುತ್ತವೆ. ನಗರವನ್ನು ನೋಡಲೆಂದು ಬಂದವರು ತೆಗೆದವು ಒಂದು ಬಗೆ. ನಗರದಲ್ಲಿಯೇ ಬಾಳುವವರು ತೆಗೆದವು ಇನ್ನೊಂದು ಬಗೆ. ಮುಂಬಯಿಗೆ ಬಂದ ಪ್ರವಾಸಿಯು ಗೇಟ್‌ವೇ ಆಫ್ ಇಂಡಿಯಾದ ಕಮಾನು, ಮರೀನ್ ಡ್ರೈವಿನ ದೀಪಮಾಲೆ, ಬೋರಿಬಂದರದ ರೈಲು ನಿಲ್ದಾಣದ ಗುಮ್ಮಟ ಇವಿಷ್ಟನ್ನು ತನ್ನ ಕ್ಯಾಮೆರಾದಲ್ಲಿ ತುಂಬಿಕೊಂಡು ಊರಿಗೆ ಮರಳುತ್ತಾನೆ. ಅವನ ಚಿತ್ರಗಳು ಅಂದವಾಗಿರಬಹುದು. ಆದರೆ ಅವನಿಗಿಂತ ಮೊದಲು ಬಂದ ಸಾವಿರಾರು ಜನರೂ ಅವೇ ಚಿತ್ರಗಳನ್ನು ತೆಗೆದಿರುವರು. ಅವನ ಅನಂತರ ಬರುವವರೂ ತೆಗೆಯುವರು. ಅವುಗಳಲ್ಲಿ ಒಂದೆರಡು ಕಳೆದುಹೋದರೆ ನಗರದ ಚರಿತ್ರೆಗೆ ಹಾನಿಯಿಲ್ಲ.

ನಗರವಾಸಿಯ ಮನೆಯಲ್ಲಿರುವ ಚಿತ್ರಗಳ ಸಂಗತಿ ಬೇರೆ. ಚಾಳಿನ ಪಡಸಾಲೆಯಲ್ಲಿ ನಡೆದ ನಾಮಕರಣ, ಮಳೆಗಾಲದಲ್ಲಿ ಹಿಂದ್‌ಮಾತಾದ ಬಳಿ ಮೊಣಕಾಲುದ್ದ ನೀರಿನಲ್ಲಿ ನಡೆದು ಬರುತ್ತಿರುವ ಶಾಲೆಯ ಮಕ್ಕಳು, ಹೋಟೆಲಿನ ಗಲ್ಲೆಯ ಹಿಂದೆ ಕುಳಿತ ದೊಡ್ಡಪ್ಪ, ನಳದ ಮುಂದೆ ಸಾಲಾಗಿಟ್ಟ ಕೊಡಗಳು ಇವುಗಳನ್ನು ತೆಗೆಯಲು ಆ ಹೊತ್ತಿಗೆ ಅಲ್ಲಿ ಇದ್ದವರು ಒಬ್ಬರೇ. ಆ ಚಿತ್ರ ಹೋದರೆ ಅದರ ಜೊತೆಗೆ ನಗರದ ಒಂದು ದಿನವೂ ಹೋಯಿತೆಂದು ತಿಳಿಯಬೇಕು. ಇಂತಹ ಚಿತ್ರಗಳನ್ನು ಓದುವುದು ಹೇಗೆ, ಕಾಪಾಡುವುದು ಹೇಗೆ, ಹತ್ತು ಮಂದಿಯೊಡನೆ ಹಂಚಿಕೊಳ್ಳುವುದು ಹೇಗೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

೧. ಮುಂಬಯಿಗೆ ಈ ಕಲೆ ಬಂದ ಬಗೆ

ಛಾಯಾಚಿತ್ರ ಕಲೆಯು ಲೋಕಕ್ಕೆ ಪ್ರಕಟವಾದುದು ೧೮೩೯ರಲ್ಲಿ. ಫ್ರಾನ್ಸ್ ದೇಶದ ಡಾಗೇರ್ ಎಂಬುವನು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬೆಳಕಿನಿಂದಲೇ ಬಿಂಬ ಮೂಡಿಸುವ ವಿಧಾನವನ್ನು ರೂಪಿಸಿದ್ದನು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅದರ ವಿವರಗಳು ಪ್ಯಾರಿಸಿನಲ್ಲಿ ಬಹಿರಂಗಗೊಂಡವು. ಅನಂತರ ಹದಿನೈದು ವರ್ಷಗಳಲ್ಲಿಯೇ, ಅಂದರೆ ೧೮೫೪ರಲ್ಲಿ, ಮುಂಬಯಿಯಲ್ಲಿ ಛಾಯಾಚಿತ್ರಗಾರರ ಸಂಘವೊಂದು ಸ್ಥಾಪಿತವಾಯಿತು. ಭಾರತದಲ್ಲಿ ಇಂತಹ ಸಂಘಗಳ ಪೈಕಿ ಇದೇ ಮೊದಲನೆಯದು. ಲಂಡನ್ನಿನ ಸಂಘವು ಆರಂಭವಾಗಿ ಆಗ ಒಂದೇ ವರ್ಷವಾಗಿದ್ದಿತು. ಕಲಕತ್ತೆ, ಮದರಾಸುಗಳ ಸಂಘಗಳು ೧೮೫೬ರಲ್ಲಿ ಹುಟ್ಟಿದವು.

ಮುಂಬಯಿಯ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಆಂಗ್ಲ ಅಧಿಕಾರಿಗಳೂ ವ್ಯಾಪಾರಿಗಳೂ ಆಗಿದ್ದರೂ ಈ ನಗರದ ಭಾರತೀಯರೂ ಅದರಲ್ಲಿ ಇದ್ದರು. ವೈದ್ಯರೂ ಪ್ರಾಚ್ಯವಸ್ತು ಸಂಶೋಧಕರೂ ಆಗಿದ್ದ ಡಾಕ್ಟರ್ ಭಾವು ದಾಜಿ ಲಾಡ್ ಅವರು ಅವರಲ್ಲೊಬ್ಬರು. ಅವರ ತಮ್ಮ ಡಾಕ್ಟರ್ ನಾರಾಯಣ ದಾಜಿಯವರಂತೂ ಸ್ವತಃ ನುರಿತ ಛಾಯಾಗ್ರಾಹಕರು. ೧೮೫೫ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಛಾಯಾಚಿತ್ರದ ತರಗತಿಯೇ ಆರಂಭವಾಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣ ಅವರು ಈ ಕಲೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲ ಭಾರತೀಯರಲ್ಲಿ ಒಬ್ಬರಾದರು. ೧೮೫೬ರಿಂದ ಜಾನ್ಸನ್ ಮತ್ತು ಹೆಂಡರ್ಸನ್ ಎಂಬವರು ಪ್ರತಿ ತಿಂಗಳೂ ಮೂಲ ಛಾಯಾಚಿತ್ರಗಳನ್ನೇ ಅಂಟಿಸಿದ ಸಂಚಿಕೆಯೊಂದನ್ನು ಹೊರಡಿಸತೊಡಗಿದರು. ನಗರದ ಚಿತ್ರಗಳನ್ನು ನಗರದವರು ಪರಸ್ಪರ ಹಂಚಿಕೊಳ್ಳುವ ವಾಡಿಕೆಯು ಹೀಗೆ ನಮ್ಮ ಊರಿನಲ್ಲಿ ನೂರ ಎಪ್ಪತ್ತು ವರ್ಷಗಳಷ್ಟು ಹಳೆಯದಾಗಿದೆ.

ಮಾಟುಂಗದಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ಮೈಸೂರು ಅಸೋಸಿಯೇಷನ್ ಇರುವ ರಸ್ತೆಗೆ ಭಾವು ದಾಜಿ ರಸ್ತೆ ಎಂದು ಹೆಸರು. ಭಾಯಖಳದಲ್ಲಿ ೧೮೭೨ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೂ ೧೯೭೫ರಲ್ಲಿ ಅವರ ಹೆಸರನ್ನೇ ಇಡಲಾಯಿತು. ನಾಟಕಕ್ಕೋ ಉಪನ್ಯಾಸಕ್ಕೋ ಆ ರಸ್ತೆಯಲ್ಲಿ ನಡೆಯುವಾಗ, ನಮ್ಮ ನಗರದ ಮೊದಲ ಛಾಯಾಚಿತ್ರ ಸಂಘದ ಸದಸ್ಯರೊಬ್ಬರ ಹೆಸರನ್ನು ನಾವು ಓದುತ್ತಿರುವೆವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

೨. ಚಿತ್ರವು ಹೇಳುವುದು, ಹೇಳದಿರುವುದು

ಛಾಯಾಚಿತ್ರವು ಸುಳ್ಳು ಹೇಳುವುದಿಲ್ಲವೆಂದು ಜನರು ನಂಬುತ್ತಾರೆ. ಈ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

೧೮೫೦ರ ದಶಕದ ಮುಂಬಯಿಯ ಬೀದಿಗಳ ಚಿತ್ರಗಳಲ್ಲಿ ಅನೇಕವು ಜನಶೂನ್ಯವಾಗಿ ಕಾಣುತ್ತವೆ. ಆಗ ನಗರದಲ್ಲಿ ಜನರಿರಲಿಲ್ಲವೆಂದು ಇದರ ಅರ್ಥವಲ್ಲ. ಆ ಕಾಲದಲ್ಲಿ ಗಾಜಿನ ಫಲಕಕ್ಕೆ ರಸಾಯನವನ್ನು ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿದ್ದಿತು. ಮಸೂರದ ಮುಚ್ಚಳವನ್ನು ಕೆಲವು ಸೆಕೆಂಡುಗಳ ಕಾಲ ತೆರೆದಿಡಬೇಕಾಗಿದ್ದಿತು. ಅಷ್ಟು ಹೊತ್ತು ಕದಲದೆ ನಿಂತ ಕಟ್ಟಡ ಮೂಡಿತು. ನಡೆದುಹೋದ ಹಮಾಲನೂ ಎತ್ತಿನ ಗಾಡಿಯೂ ಮೂಡಲಿಲ್ಲ, ಅಥವಾ ಮಂಜಿನಂತೆ ಮೂಡಿದವು. ಆದುದರಿಂದ ಚಿತ್ರದಲ್ಲಿ ಇಲ್ಲದ್ದು ನಗರದಲ್ಲಿಯೂ ಇರಲಿಲ್ಲವೆಂದು ನಿರ್ಣಯಿಸಲಾಗದು.

ಎರಡನೆಯ ಉದಾಹರಣೆಯು ಇನ್ನೂ ಮುಖ್ಯವಾದುದು. ಮೇಲೆ ಹೇಳಿದ ವಿಲಿಯಂ ಜಾನ್ಸನ್‌ನು ಮುಂಬಯಿಯ ನಿವಾಸಿಗಳನ್ನೂ ಮುಂಬಯಿಗೆ ಬಂದುಹೋಗುವವರನ್ನೂ ಕುರಿತು ೧೮೬೩ ಮತ್ತು ೧೮೬೬ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದನು. ಅದರ ಅನೇಕ ಪಟಗಳಲ್ಲಿ ಜನರನ್ನು ಒಂದು ಕಡೆ ನಿಲ್ಲಿಸಿ ಚಿತ್ರ ತೆಗೆದು, ಅವರ ಹಿಂದೆ ನಗರದ ಬೇರೊಂದು ದೃಶ್ಯವನ್ನು ಜೋಡಿಸಲಾಗಿದೆ. ಅಲ್ಲಿ ಕಾಣುವವರು ತಾವು ನಿಂತಿರುವಂತೆ ತೋರುವ ಸ್ಥಳದಲ್ಲಿ ನಿಂತೇ ಇರಲಿಲ್ಲ! ಅಷ್ಟೇ ಅಲ್ಲ, ಆ ಪಟಗಳ ಕೆಳಗೆ ಇರುವುದು ಜಾತಿ, ಪಂಗಡ, ಕಸುಬುಗಳ ಹೆಸರು. ನಿಂತವರಿಗೂ ತಂದೆತಾಯಿಗಳು ಇಟ್ಟ ಒಂದು ಹೆಸರು ಇದ್ದಿರಲೇಬೇಕು. ಬಟ್ಟೆ, ಮುಂಡಾಸು, ಆಭರಣಗಳ ವಿವರ ನಮಗೆ ಇಂದು ದೊರೆಯುತ್ತದೆ; ಆ ಮನುಷ್ಯನು ಯಾರೆಂಬುದು ದೊರೆಯುವುದಿಲ್ಲ. ಹೊರಗಿನಿಂದ ನೋಡುವ ಕಣ್ಣಿಗೆ ಮನುಷ್ಯನು ಮಾದರಿಯಾಗಿ ಕಾಣುತ್ತಾನೆ. ಅವನನ್ನು ಬಲ್ಲವರಿಗೆ ಅವನು ಇಂಥವರ ಮಗ, ಇಂಥ ಓಣಿಯವನು.

ತೆಗೆದವರ ಹೆಸರೂ ಹೀಗೆಯೇ ಮರೆಯಾಗುವುದುಂಟು. ಹೋಮಾಯಿ ವ್ಯಾರಾವಾಲಾ ಅವರು ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಪ್ರಸಿದ್ಧರು. ೧೯೧೩ರಲ್ಲಿ ನವಸಾರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿದರು, ತಮ್ಮ ಸಹಪಾಠಿಗಳ ಮತ್ತು ಈ ನಗರದ ದಿನನಿತ್ಯದ ಬದುಕಿನ ಚಿತ್ರಗಳಿಂದಲೇ ತಮ್ಮ ಕೆಲಸವನ್ನು ಆರಂಭಿಸಿದರು. ಆದರೆ ಹೆಣ್ಣುಮಗಳ ಹೆಸರಿಗೆ ಆಗ ಮನ್ನಣೆಯಿಲ್ಲದ ಕಾರಣ ಅವರ ಆರಂಭದ ಚಿತ್ರಗಳು ಪತಿ ಮಾಣಿಕ್‌ಷಾ ಅವರ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ೨೦೧೧ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂದಿತು; ಮರುವರ್ಷ ಅವರು ನಿಧನರಾದರು. ಚಿತ್ರದಲ್ಲಿರುವವರ ಹೆಸರಿನಂತೆಯೇ ಚಿತ್ರ ತೆಗೆದವರ ಹೆಸರನ್ನೂ ಬರೆದಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೩. ಚಿತ್ರದ ಕಾಲನಿರ್ಣಯ

ಹಳೆಯ ಚಿತ್ರದ ಹಿಂದೆ ಏನೂ ಬರೆದಿಲ್ಲ. ಕೇಳೋಣವೆಂದರೆ ಬಲ್ಲವರು ಇಲ್ಲ. ಆಗ ಚಿತ್ರವನ್ನೇ ಕೇಳಬೇಕು. ಇದಕ್ಕೊಂದು ಕ್ರಮವಿದೆ. ‘ಈ ವರ್ಷಕ್ಕಿಂತ ಮೊದಲು ತೆಗೆದಿರಲಾರರು’ ಎಂಬ ಒಂದು ಗಡಿ, ‘ಈ ವರ್ಷದ ಅನಂತರ ತೆಗೆದಿರಲಾರರು’ ಎಂಬ ಇನ್ನೊಂದು ಗಡಿ, ಇವೆರಡನ್ನೂ ಹುಡುಕಬೇಕು. ಎರಡು ಗಡಿಗಳು ಹತ್ತಿರವಾದಷ್ಟೂ ನಮ್ಮ ನಿರ್ಣಯವು ಬಲವಾಗುತ್ತದೆ. ಮುಂಬಯಿಯ ಚಿತ್ರಗಳಿಗೆ ಉಪಯೋಗವಾಗುವ ಕೆಲವು ಗುರುತುಗಳನ್ನು ಇಲ್ಲಿ ಕೊಟ್ಟಿದೆ.

ಟ್ರ್ಯಾಮು. ಮುಂಬಯಿಯಲ್ಲಿ ಕುದುರೆಗಳು ಎಳೆಯುವ ಟ್ರ್ಯಾಮು ೧೮೭೪ರ ಮೇ ತಿಂಗಳಲ್ಲಿಯೂ ವಿದ್ಯುತ್ತಿನ ಟ್ರ್ಯಾಮು ೧೯೦೭ರ ಮೇ ತಿಂಗಳಲ್ಲಿಯೂ ಆರಂಭವಾದವು. ಕೊನೆಯ ಟ್ರ್ಯಾಮು ೧೯೬೪ರ ಮಾರ್ಚ್ ೩೧ರ ರಾತ್ರಿ ಬೋರಿಬಂದರದಿಂದ ದಾದರಕ್ಕೆ ಓಡಿತು. ಓಡುತ್ತಿರುವ ಟ್ರ್ಯಾಮು ಚಿತ್ರದಲ್ಲಿದ್ದರೆ ಅದು ಆ ದಿನಕ್ಕಿಂತ ಈಚಿನದಲ್ಲ. ಹಳಿ ಮಾತ್ರ ಕಂಡರೆ ಎಚ್ಚರ ಬೇಕು. ಗಾಡಿ ನಿಂತ ಮೇಲೆಯೂ ಹಳಿಗಳು ಅಲ್ಲಲ್ಲಿ ಉಳಿದಿದ್ದವು. ಟ್ರ್ಯಾಮು ಹೋಗಿ ಅರುವತ್ತು ವರ್ಷ ದಾಟಿದರೂ ‘ದಾದರ ಟಿ.ಟಿ.’ ಎಂಬ ಹೆಸರಿನಲ್ಲಿ ಅದರ ನೆನಪು ಇಂದಿಗೂ ಜನರ ನಾಲಿಗೆಯ ಮೇಲಿದೆ.

ಬಸ್ಸು. ಮುಂಬಯಿಯಲ್ಲಿ ಬಾಡಿಗೆಯ ಮೋಟಾರು ಬಸ್ಸುಗಳ ಸಂಚಾರ ಮೊದಲಾದುದು ೧೯೨೬ರ ಜುಲೈ ೧೫ರಂದು. ಎರಡಂತಸ್ತಿನ ಬಸ್ಸು ಬಂದುದು ೧೯೩೭ರಲ್ಲಿ. ಆ ಬಗೆಯ ಹಳೆಯ ಕೆಂಪು ಡೀಸೆಲ್ ಬಸ್ಸುಗಳಲ್ಲಿ ಉಳಿದಿದ್ದ ಕೊನೆಯವು ೨೦೨೩ರ ಸೆಪ್ಟೆಂಬರಿನಲ್ಲಿ ನಿವೃತ್ತವಾದವು. ನಿಮ್ಮಲ್ಲಿ ಅನೇಕರು ಅವುಗಳ ಮೇಲಂತಸ್ತಿನ ಮುಂದಿನ ಆಸನದಲ್ಲಿ ಕುಳಿತಿರಬಹುದು. ನಿಮ್ಮ ತಮ್ಮತಂಗಿಯರಿಗೆ ಅದು ಚಿತ್ರದಲ್ಲಿ ಮಾತ್ರ ಲಭ್ಯ.

ದರದ ಹಲಗೆ. ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ‘ನಯಾ ಪೈಸೆ’ಗಳಾದವು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ. ಕಾಫಿಯ ದರ ಆಣೆಯಲ್ಲಿದ್ದರೆ ಚಿತ್ರವು ೧೯೫೭ಕ್ಕಿಂತ ಹಿಂದಿನದು, ಇಲ್ಲವೆ ಹೊಸ ನಾಣ್ಯಗಳ ಜೊತೆಗೆ ಹಳೆಯವೂ ನಡೆಯುತ್ತಿದ್ದ ಮುಂದಿನ ಕೆಲವೇ ವರ್ಷಗಳದು. ‘ನಯಾ’ ಎಂಬ ಮಾತನ್ನು ೧೯೬೪ರಲ್ಲಿ ಕೈಬಿಡಲಾಯಿತು.

ವಿಳಾಸ. ಅಂಗಡಿಯ ಫಲಕದಲ್ಲಿ ‘ಮುಂಬಯಿ–೧೯’ ಎಂದು ಎರಡೇ ಅಂಕಿಗಳಿದ್ದರೆ ಆ ಫಲಕವನ್ನು ಬರೆಸಿದುದು ಬಹುಮಟ್ಟಿಗೆ ೧೯೭೨ಕ್ಕೆ ಮೊದಲು. ಆರು ಅಂಕಿಗಳ ಪಿನ್‌ಕೋಡು ಜಾರಿಗೆ ಬಂದುದು ಆ ವರ್ಷದ ಆಗಸ್ಟ್ ೧೫ರಂದು. ಮಾಟುಂಗದ ಹಳೆಯ ೧೯ ಎಂಬ ಅಂಕಿಯು ಈಗಿನ ೪೦೦ ೦೧೯ರಲ್ಲಿ ಅಡಗಿ ಕುಳಿತಿರುವುದನ್ನು ಗಮನಿಸಿರಿ. ಫಲಕವು ಹಳೆಯದಾಗಿದ್ದು ಚಿತ್ರವು ಹೊಸದಾಗಿರಬಹುದೆಂಬುದನ್ನೂ ಮರೆಯಬಾರದು.

ಹೆಸರು. ಬೋರಿಬಂದರದ ನಿಲ್ದಾಣದ ಕಟ್ಟಡದ ಕೆಲಸವು ೧೮೭೮ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. ಫಲಕದಲ್ಲಿ ‘ವಿಕ್ಟೋರಿಯಾ ಟರ್ಮಿನಸ್’ ಎಂದಿದ್ದರೆ ಚಿತ್ರವು ೧೯೯೬ಕ್ಕೆ ಮೊದಲಿನದು. ‘ಛತ್ರಪತಿ ಶಿವಾಜಿ ಮಹಾರಾಜ’ ಎಂದು ‘ಮಹಾರಾಜ’ ಸೇರಿದ್ದರೆ ೨೦೧೭ರ ಈಚಿನದು. ಮೋಟಾರುಗಳ ಮೇಲೆ ‘ಎಂ.ಎಚ್.’ ಎಂಬ ಅಕ್ಷರಗಳೂ ಅದರ ಮುಂದೆ ೦೧, ೦೨ ಮೊದಲಾದ ಅಂಕಿಗಳೂ ಇರುವ ಈಗಿನ ಕ್ರಮವು ೧೯೮೯ರಿಂದ ಬಂದುದು.

ಚಲನಚಿತ್ರದ ಭಿತ್ತಿಪತ್ರ. ಗೋಡೆಯ ಮೇಲೆ ‘ಆವಾರಾ’ದ ಭಿತ್ತಿಪತ್ರವಿದ್ದರೆ ಚಿತ್ರವು ೧೯೫೧ಕ್ಕಿಂತ ಹಿಂದಿನದಾಗಿರಲಾರದು, ‘ಮದರ್ ಇಂಡಿಯಾ’ ಇದ್ದರೆ ೧೯೫೭ಕ್ಕಿಂತ ಹಿಂದಿನದಲ್ಲ. ಚಲನಚಿತ್ರಗಳು ಮತ್ತೆ ಮತ್ತೆ ಬಿಡುಗಡೆಯಾಗುತ್ತಿದ್ದುದರಿಂದ ಇದು ಒಂದು ಕಡೆಯ ಗಡಿಯನ್ನು ಮಾತ್ರ ಕೊಡುತ್ತದೆ.

ಬೆಳಕು. ದಿನದ ಹೊತ್ತನ್ನೂ ತಿಳಿಯಬಹುದು. ಮರೀನ್ ಡ್ರೈವಿನ ಕಟ್ಟಡಗಳು ಪಶ್ಚಿಮದ ಸಮುದ್ರಕ್ಕೆ ಮುಖ ಮಾಡಿ ನಿಂತಿವೆ. ಅವುಗಳ ಮುಖದ ಮೇಲೆ ಬಿಸಿಲು ನೇರವಾಗಿ ಬಿದ್ದಿದ್ದರೆ ಅದು ಅಪರಾಹ್ಣ. ಗಡಿಯಾರದ ಗೋಪುರವು ಚಿತ್ರದಲ್ಲಿದ್ದರೆ ಹೇಳುವುದೇ ಬೇಡ. ಕೊನೆಯದಾಗಿ, ಫಲಕದ ಅಕ್ಷರಗಳು ತಿರುವುಮುರುವಾಗಿವೆಯೇ ಎಂದು ನೋಡಿರಿ. ಹಾಗಿದ್ದರೆ ಚಿತ್ರವನ್ನು ಹಿಂದುಮುಂದಾಗಿ ಅಚ್ಚುಹಾಕಿರುತ್ತಾರೆ. ಎಡದಲ್ಲಿ ಕಾಣುವವರು ನಿಜವಾಗಿ ಬಲದಲ್ಲಿ ನಿಂತವರು.

೪. ನಮ್ಮವರ ಚಿತ್ರಗಳು

ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಉತ್ತರ ಕರ್ನಾಟಕದಿಂದಲೂ ಕನ್ನಡಿಗರು ಅನ್ನವನ್ನು ಅರಸಿ ಈ ನಗರಕ್ಕೆ ಬಂದರು. ಹಗಲು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದರು. ೧೯೨೬ರಲ್ಲಿ ಮೈಸೂರು ಅಸೋಸಿಯೇಷನ್, ೧೯೩೩ರಲ್ಲಿ ಕರ್ನಾಟಕ ಸಂಘ, ಹೀಗೆ ಸಂಘಸಂಸ್ಥೆಗಳನ್ನು ಕಟ್ಟಿದರು. ಸಂಸ್ಥೆಗಳ ಚರಿತ್ರೆ ಅವುಗಳ ಸ್ಮರಣಸಂಚಿಕೆಗಳಲ್ಲಿ ದೊರೆಯುತ್ತದೆ. ಜನರ ಚರಿತ್ರೆಯ ಬಹುಭಾಗವಾದರೋ ಖೋಲಿಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿದೆ.

ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ, ಮುಂಬಯಿಯಲ್ಲಿ ತೆಗೆದ ಒಂದು ಹಳೆಯ ಚಿತ್ರವನ್ನು ಮನೆಯಿಂದ ತರುವಂತೆ ಹೇಳಲಾಗಿದ್ದಿತು. ಬಂದ ಚಿತ್ರಗಳಲ್ಲಿ ಒಂದರಲ್ಲಿ ಮುನಿಸಿಪಲ್ ಕನ್ನಡ ಶಾಲೆಯೊಂದರ ಮಕ್ಕಳು ಮೂರು ಸಾಲಾಗಿ ಕುಳಿತಿದ್ದರು. ಮುಂದಿಟ್ಟ ಪಾಟಿಯ ಮೇಲೆ ‘೧೯೬೮, ಇಯತ್ತೆ ೭’ ಎಂದು ಬರೆದಿದ್ದಿತು. ವರ್ಷವೂ ತರಗತಿಯೂ ಸಿಕ್ಕಿದವು. ನಡುವೆ ಕುಳಿತ ಮಾಸ್ತರರ ಹೆಸರು ಸಿಕ್ಕಲಿಲ್ಲ. ಮತ್ತೊಂದರಲ್ಲಿ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿದ್ದರು; ಅವರ ಹಿಂದಿನ ಕಿಟಕಿಯಲ್ಲಿ ಗಿರಣಿಯ ಚಿಮಣಿಯೊಂದು ಹೊಗೆಯುಗುಳುತ್ತಿದ್ದಿತು. ಚಿತ್ರ ತೆಗೆದವರಿಗೆ ಬೇಕಾದುದು ಅಜ್ಜಿಯ ಮುಖ. ಇಂದು ನೋಡುವವರಿಗೆ ಅಜ್ಜಿಯ ಮುಖದಂತೆಯೇ ಆ ಹೊಗೆಯೂ ಅಪೂರ್ವ.

ಮೂರನೆಯ ಚಿತ್ರದಲ್ಲಿ ದಾದರದ ಒಂದು ಹೋಟೆಲಿನ ಮುಂದೆ ಐವರು ತರುಣರು ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬರು ವಿದ್ಯಾರ್ಥಿಯ ಮುತ್ತಜ್ಜ. ಹಿಂದೆ ಒಂದಕ್ಷರವೂ ಬರೆದಿರಲಿಲ್ಲ. ಮೇಲೆ ಹೇಳಿದ ಕ್ರಮದಿಂದ ವಿದ್ಯಾರ್ಥಿಗಳು ಪರೀಕ್ಷಿಸಿದರು. ಬಾಗಿಲ ಬಳಿಯ ಹಲಗೆಯಲ್ಲಿ ದರಗಳು ಆಣೆಯಲ್ಲಿದ್ದವು, ಪಕ್ಕದ ಗೋಡೆಯ ಮೇಲೆ ‘ಆವಾರಾ’ದ ಭಿತ್ತಿಪತ್ರದ ಅರ್ಧಭಾಗ ಕಾಣುತ್ತಿದ್ದಿತು, ಅಂಚಿನಲ್ಲಿ ಟ್ರ್ಯಾಮಿನ ಹಿಂಭಾಗವಿದ್ದಿತು. ೧೯೫೧ಕ್ಕೂ ೧೯೫೭ಕ್ಕೂ ನಡುವೆ ತೆಗೆದಿರಬೇಕೆಂದು ತೀರ್ಮಾನವಾಯಿತು. ಇಷ್ಟು ತಿಳಿದುದು ಬುದ್ಧಿಯ ಬಲದಿಂದ. ಉಳಿದ ನಾಲ್ವರು ಯಾರೆಂಬುದನ್ನು ತಿಳಿಯಲು ಬುದ್ಧಿಯು ಸಾಲಲಿಲ್ಲ. ಮುತ್ತಜ್ಜನವರು ತೀರಿಹೋಗಿ ಎರಡು ವರ್ಷಗಳಾಗಿದ್ದವು.

ಪಾಲಕರ ಸಮ್ಮೇಳನದ ದಿನ ಈ ಚಿತ್ರಗಳ ಪ್ರತಿಗಳನ್ನು ಶಾಲೆಯ ಮೊಗಸಾಲೆಯಲ್ಲಿ ತೂಗುಹಾಕಿ, ಒಂದೊಂದರ ಕೆಳಗೂ ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ಇಡಲಾಯಿತು. ತಮ್ಮ ಮೊಮ್ಮಗಳೊಡನೆ ಬಂದಿದ್ದ ವೃದ್ಧೆಯೊಬ್ಬರು ಹೋಟೆಲಿನ ಚಿತ್ರದ ಮುಂದೆ ನಿಂತು, ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿ, ‘ಎಡದಿಂದ ಎರಡನೆಯವ ನನ್ನ ಅಣ್ಣ’ ಎಂದರು. ಅವರ ಅಣ್ಣ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಓದಿ, ಮದುವೆಗೆ ಮೊದಲೇ ಜ್ವರದಿಂದ ತೀರಿಕೊಂಡವರು. ಊರಿನ ಮನೆಯಲ್ಲಿ ಅವರ ಒಂದು ಚಿತ್ರವೂ ಇರಲಿಲ್ಲ. ಆ ತಾಯಿಯು ಹಾಳೆಯ ಮೇಲೆ ಅಣ್ಣನ ಹೆಸರನ್ನೂ ಅವರ ಪಕ್ಕದಲ್ಲಿದ್ದ ಸ್ನೇಹಿತರ ಹೆಸರನ್ನೂ ಬರೆದು, ತಮಗೊಂದು ಪ್ರತಿ ಸಿಕ್ಕೀತೇ ಎಂದು ಕೇಳಿದರು. ವಾರದೊಳಗೆ ಪ್ರತಿಯನ್ನು ಅವರ ಮನೆಗೆ ತಲುಪಿಸಲಾಯಿತು. ಇನ್ನಿಬ್ಬರ ಹೆಸರು ಈವರೆಗೆ ತಿಳಿದಿಲ್ಲ.

ಎಪ್ಪತ್ತು ವರ್ಷ ಒಂದು ಕುಟುಂಬದ ಪೆಟ್ಟಿಗೆಯಲ್ಲಿದ್ದ ಚಿತ್ರದಲ್ಲಿ ಮತ್ತೊಂದು ಕುಟುಂಬದ ಅಣ್ಣನಿದ್ದನು. ಎರಡು ಮನೆಗಳ ನಡುವೆ ಇದ್ದ ದೂರ ಒಂದೂವರೆ ಮೈಲಿ. ಚಿತ್ರವನ್ನು ಹೊರಗೆ ತೆಗೆದು ತೋರಿಸದಿದ್ದಲ್ಲಿ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

೫. ಈಗಲೇ ಏಕೆ?

ಚಿತ್ರವನ್ನು ತರದ ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಕೆಲವರ ಮನೆಯ ಚಿತ್ರಗಳು ೨೦೦೫ರ ಜುಲೈ ೨೬ರಂದು ನೀರುಪಾಲಾಗಿದ್ದವು. ಆ ಒಂದು ದಿನದಲ್ಲಿ ಸಾಂತಾಕ್ರೂಜಿನಲ್ಲಿ ೯೪೪ ಮಿಲಿಮೀಟರು ಮಳೆ ಸುರಿದು, ತಗ್ಗಿನ ವಸತಿಗಳ ನೆಲಮಾಳಿಗೆಗಳೆಲ್ಲ ಮುಳುಗಿದ್ದವು. ಮದುವೆಯ ಆಲ್ಬಮುಗಳು ಕೆಸರಿನ ಮುದ್ದೆಗಳಾದವು. ಅವುಗಳಲ್ಲಿ ಊರಿನ ನೆಂಟರಿಗೆ ಕೊಟ್ಟಿದ್ದ ಪ್ರತಿಗಳು ಮಾತ್ರ ಉಳಿದುಕೊಂಡವು. ಹಂಚಿಕೊಂಡುದು ಉಳಿಯಿತು, ಬಚ್ಚಿಟ್ಟುದು ಹೋಯಿತು.

ನಗರದ ರೂಪವೂ ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಕಾರ್ಮಿಕರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರಳ, ಲಾಲ್‌ಬಾಗ್‌ಗಳ ಚಿಮಣಿಗಳಿದ್ದೆಡೆಯಲ್ಲಿ ಗಾಜಿನ ಕಟ್ಟಡಗಳೆದ್ದವು. ೧೯೨೦ರ ದಶಕದಲ್ಲಿ ವರಳಿ, ನಾಯಗಾಂವ ಮೊದಲಾದೆಡೆಗಳಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳನ್ನು ಹಂತಹಂತವಾಗಿ ಕೆಡವಿ ಎತ್ತರದ ಮನೆಗಳನ್ನು ಕಟ್ಟಲಾಗುತ್ತಿದೆ. ಹೊಸ ಮನೆ ದೊರೆಯುವುದು ಸಂತೋಷದ ಸಂಗತಿಯೇ ಸರಿ. ಆದರೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮೊದಲು ರದ್ದಿಯವನ ಪಾಲಾಗುವುದು ಹಳೆಯ ಟ್ರಂಕು. ಅದರ ಜೊತೆಗೆ ಮುಖಗಳನ್ನು ಗುರುತಿಸಬಲ್ಲ ಹಿರಿಯರೂ ವರ್ಷ ವರ್ಷವೂ ಕಡಮೆಯಾಗುತ್ತಿದ್ದಾರೆ. ಕಟ್ಟಡ ಹೋದರೂ ಅದರ ನಕ್ಷೆ ಕಚೇರಿಯಲ್ಲಿ ಸಿಕ್ಕೀತು. ‘ಎಡದಿಂದ ಎರಡನೆಯವ’ ಯಾರೆಂಬುದು ಯಾವ ಕಚೇರಿಯಲ್ಲಿಯೂ ಸಿಕ್ಕದು.

ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದ ನಗರವಾಸಿಗಳು ನಮ್ಮಲ್ಲಿದ್ದಾರೆ. ಚಿರೋದೀಪ್ ಚೌಧುರಿಯವರು ಮುಂಬಯಿಯ ಸಾರ್ವಜನಿಕ ಗಡಿಯಾರಗಳನ್ನೇ ಹಿಡಿದು ಹಲವಾರು ವರ್ಷ ಬೀದಿಬೀದಿಗಳಲ್ಲಿ ಹುಡುಕಿ ಚಿತ್ರ ತೆಗೆದರು. ಸುಧಾರಕ್ ಓಲ್ವೆಯವರು ನಗರದ ಕಸವನ್ನೂ ಚರಂಡಿಯನ್ನೂ ಶುಚಿಗೊಳಿಸುವ ಕಾರ್ಮಿಕರ ಬದುಕನ್ನು ಚಿತ್ರಗಳಲ್ಲಿ ತೋರಿಸಿದರು. ೨೦೧೬ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅನುಷಾ ಯಾದವ್ ಅವರು ೨೦೧೦ರಲ್ಲಿ ಆರಂಭಿಸಿದ ಭಾರತೀಯ ಸ್ಮೃತಿ ಯೋಜನೆಯಲ್ಲಿ ಕುಟುಂಬಗಳು ತಮ್ಮ ಹಳೆಯ ಚಿತ್ರವನ್ನೂ ಅದರ ಕಥೆಯನ್ನೂ ಒಟ್ಟಿಗೆ ಒಪ್ಪಿಸುತ್ತವೆ. ಮೂವರ ಹಾದಿಯೂ ಬೇರೆ. ಆದರೂ ಒಂದು ವಿಷಯವನ್ನು ಆರಿಸಿಕೊಂಡು, ಬಿಡದೆ ಹಿಡಿದು, ವಿವರವನ್ನು ಬರೆದು, ಇತರರ ಮುಂದಿಟ್ಟುದು ಮೂವರಲ್ಲಿಯೂ ಸಮಾನವಾಗಿದೆ.

೬. ಕಾಪಾಡುವ ಬಗೆ

ಮುಂಬಯಿಯ ತೇವದ ಗಾಳಿಯೇ ಚಿತ್ರಗಳ ಮೊದಲ ಶತ್ರು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಳ್ಳಿಹುಳು ಕಾಗದವನ್ನು ಕೆರೆದು ತಿನ್ನುತ್ತದೆ. ಆದುದರಿಂದ ಹೊರಗೋಡೆಗೆ ಒತ್ತಿದ ಕಪಾಟಿನಲ್ಲಿಯೂ ನೆಲದ ಮೇಲೆಯೂ ಚಿತ್ರಗಳನ್ನು ಇಡಬಾರದು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಪೊರೆಯಿರುವ ಆಲ್ಬಮುಗಳು ನೋಡಲು ಅಂದವಾದರೂ ಕೆಲವೇ ವರ್ಷಗಳಲ್ಲಿ ಆ ಅಂಟು ಚಿತ್ರವನ್ನು ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ಕಿತ್ತರೆ ಚಿತ್ರವೇ ಹರಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಗಳು ಉತ್ತಮ.

ಬಿಳಿಕಪ್ಪು ಚಿತ್ರಗಳಲ್ಲಿ ಬಿಂಬವು ಬೆಳ್ಳಿಯ ಕಣಗಳಿಂದಾದುದರಿಂದ ಅವು ಬಹುಕಾಲ ಬಾಳುತ್ತವೆ. ೧೯೭೦ರ ಸುಮಾರಿನ ವರ್ಣಚಿತ್ರಗಳು ಕತ್ತಲೆಯಲ್ಲಿಟ್ಟರೂ ಕೆಂಪಾಗುತ್ತ ಬರುತ್ತವೆ. ಅವುಗಳಲ್ಲಿಯ ನೀಲಿಹಸಿರು ಬಣ್ಣವು ಇತರ ಬಣ್ಣಗಳಿಗಿಂತ ಬೇಗ ಮಾಸುವುದೇ ಇದಕ್ಕೆ ಕಾರಣ. ಹೀಗಾಗಿ ಅಜ್ಜನ ಚಿತ್ರಕ್ಕಿಂತ ಅಪ್ಪನ ಬಾಲ್ಯದ ಚಿತ್ರವನ್ನು ಮೊದಲು ಪ್ರತಿ ಮಾಡಿಸಬೇಕಾಗುತ್ತದೆ.

ಹಿಂದೆ ಬರೆಯುವಾಗ ಮೆದುವಾದ ಪೆನ್ಸ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಬಾಲ್‌ಪೆನ್ನಿನ ಗೀರು ಮುಂಬದಿಗೆ ಮೂಡುತ್ತದೆ. ಶಾಯಿಯು ತೇವದಲ್ಲಿ ಹರಡುತ್ತದೆ. ‘ಅಜ್ಜ’, ‘ಚಿಕ್ಕಮ್ಮ’ ಎಂದಷ್ಟೇ ಬರೆದರೆ ಸಾಲದು. ನಿಮ್ಮ ಅಜ್ಜ ನಿಮ್ಮ ಮಕ್ಕಳಿಗೆ ಅಜ್ಜನಲ್ಲ. ಪೂರ್ಣ ಹೆಸರನ್ನು ಬರೆಯಿರಿ.

ಇಂದಿನ ಚಿತ್ರಗಳು ಹೆಚ್ಚಾಗಿ ಮೊಬೈಲಿನಲ್ಲಿಯೇ ಇರುತ್ತವೆ. ಮೊಬೈಲು ಕಳೆದರೆ ಅಥವಾ ಕೆಟ್ಟರೆ ಅವೂ ಹೋದವು. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ಗಾತ್ರದಲ್ಲಿ ಕುಗ್ಗುವುದಲ್ಲದೆ, ತೆಗೆದ ದಿನ ಮತ್ತು ಸ್ಥಳಗಳ ವಿವರವನ್ನೂ ಕಳೆದುಕೊಳ್ಳುತ್ತದೆ. ವರ್ಷಕ್ಕೆ ಹನ್ನೆರಡು ಚಿತ್ರಗಳನ್ನಾದರೂ ಆರಿಸಿ, ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂದೆ ವಿವರ ಬರೆದಿಡುವುದು ಲೇಸು.

೭. ಹಂಚಿಕೊಳ್ಳುವವರ ಧರ್ಮ

ಹಂಚಿಕೊಳ್ಳುವುದರಲ್ಲಿಯೂ ಒಂದು ಮರ್ಯಾದೆಯಿದೆ. ಮೂಲ ಚಿತ್ರವನ್ನು ಯಾರಿಗೂ ಕೊಡಬೇಡಿರಿ, ಪ್ರತಿಯನ್ನು ಕೊಡಿರಿ. ಇನ್ನೊಬ್ಬರಿಂದ ಪಡೆದ ಮೂಲವನ್ನು ಹೇಳಿದ ದಿನಕ್ಕೆ ಹಿಂದಿರುಗಿಸಿರಿ. ಜೀವಂತರಾಗಿರುವವರ ಚಿತ್ರವನ್ನು ತೋರಿಸುವ ಮುನ್ನ ಅವರ ಒಪ್ಪಿಗೆಯನ್ನು ಪಡೆಯಿರಿ. ಬಡವನ ಬಡತನವನ್ನಾಗಲಿ, ದುಃಖಿತರ ಕಣ್ಣೀರನ್ನಾಗಲಿ ಕೇಳದೆ ಸೆರೆಹಿಡಿದು ಊರೆಲ್ಲ ತೋರಿಸುವುದು ಸಭ್ಯತೆಯಲ್ಲ. ಹೆಸರು ಕೇಳದೆ ‘ಪಂಗಡ’ವನ್ನು ಮಾತ್ರ ಬರೆದವರ ಸಾಲಿಗೆ ನಾವು ಸೇರಬಾರದು. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಬೇಡಿರಿ, ಇದ್ದುದನ್ನು ಅಳಿಸಬೇಡಿರಿ. ಊಹಿಸಿದ ಸಂಗತಿಯ ಮುಂದೆ ‘ಊಹೆ’ ಎಂದು ಬರೆಯಿರಿ. ತಪ್ಪಾದ ಹೆಸರನ್ನು ಖಚಿತವೆಂಬಂತೆ ಬರೆಯುವುದಕ್ಕಿಂತ ಸ್ಥಳವನ್ನು ಖಾಲಿ ಬಿಡುವುದು ಮೇಲು. ಖಾಲಿ ಬಿಟ್ಟ ಸ್ಥಳವನ್ನು ಬಲ್ಲವರು ಮುಂದೆಂದಾದರೂ ತುಂಬಿಯಾರು.

ವಿದ್ಯಾರ್ಥಿಮಿತ್ರರೇ, ನಾವು ಹೊರಗಿನಿಂದ ಬಂದವರೆಂಬ ಭಾವನೆ ನಮ್ಮ ಹಿರಿಯರಲ್ಲಿ ಕೆಲವರಿಗೆ ಇಂದಿಗೂ ಇದೆ. ಉದ್ಯೋಗವನ್ನು ಅರಸಿ ಈ ನಗರಕ್ಕೆ ಬಂದ ನನಗೂ ಅದರ ಪರಿಚಯವುಂಟು. ಆದರೆ ನೀವು ಇಲ್ಲಿಯೇ ಹುಟ್ಟಿದವರು. ಟ್ರ್ಯಾಮಿನ ಬೆನ್ನು, ಗಿರಣಿಯ ಹೊಗೆ, ಆಣೆಯ ದರದ ಹಲಗೆ ಇವೆಲ್ಲ ನಿಮ್ಮ ಮನೆಯ ಚಿತ್ರಗಳ ಅಂಚಿನಲ್ಲಿವೆ. ಈ ನಗರದ ಚರಿತ್ರೆಯನ್ನು ಬರೆಯುವವರಿಗೆ ಅವು ಬೇಕು; ಅವುಗಳ ಹಿಂದೆ ಕನ್ನಡದಲ್ಲಿ ಬರೆದ ನಾಲ್ಕು ಸಾಲುಗಳೂ ಬೇಕು. ಇದನ್ನು ಮಾಡಲು ದುಬಾರಿಯ ಕ್ಯಾಮೆರಾ ಬೇಕಾಗಿಲ್ಲ. ಒಂದು ಪೆನ್ಸಿಲೂ, ಹಿರಿಯರ ಬಳಿ ಕುಳಿತು ಕೇಳುವ ತಾಳ್ಮೆಯೂ ಇದ್ದರೆ ಸಾಕು.

ಅಭ್ಯಾಸ

೧. ನಿಮ್ಮ ಮನೆಯ ಒಂದು ಹಳೆಯ ಚಿತ್ರವನ್ನು ಆರಿಸಿ, ‘ಇದಕ್ಕಿಂತ ಮೊದಲಲ್ಲ’, ‘ಇದರ ಅನಂತರವಲ್ಲ’ ಎಂಬ ಎರಡು ಗಡಿಗಳನ್ನು ಕಾರಣಸಹಿತವಾಗಿ ಬರೆಯಿರಿ.

೨. ಅದೇ ಚಿತ್ರವನ್ನು ಹಿರಿಯರೊಬ್ಬರಿಗೆ ತೋರಿಸಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ನಿಮ್ಮ ನಿರ್ಣಯಕ್ಕೂ ಅವರ ನೆನಪಿಗೂ ಎಲ್ಲಿ ಭೇದವಿದೆ? ಯಾವುದು ಹೆಚ್ಚು ನಂಬತಕ್ಕದ್ದು, ಏಕೆ?

೩. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಇನ್ನು ಹತ್ತು ವರ್ಷಗಳಲ್ಲಿ ಇಲ್ಲದಂತಾಗಬಹುದಾದ ಒಂದು ವಸ್ತುವನ್ನು ಗುರುತಿಸಿರಿ. ಅದರ ಚಿತ್ರವನ್ನು ತೆಗೆದು, ಸ್ಥಳ, ದಿನ, ನಿಮ್ಮ ಹೆಸರುಗಳನ್ನು ಬರೆದು ತರಗತಿಯ ಸಂಗ್ರಹಕ್ಕೆ ಒಂದು ಪ್ರತಿಯನ್ನು ಕೊಡಿರಿ.

೪. ೧೯೬೮ರ ಇಯತ್ತೆ ೭ರ ಚಿತ್ರವೂ ದಾದರದ ಹೋಟೆಲಿನ ಚಿತ್ರವೂ ಶಾಲೆಯ ಗ್ರಂಥಾಲಯದಲ್ಲಿವೆ. ನಿಮ್ಮ ಮನೆಯ ಹಿರಿಯರನ್ನು ಕರೆತಂದು ತೋರಿಸಿರಿ. ಮಾಸ್ತರರ ಹೆಸರಿಗೂ ಇನ್ನಿಬ್ಬರು ತರುಣರ ಹೆಸರಿಗೂ ಹಾಳೆಯಲ್ಲಿ ಸ್ಥಳವನ್ನು ಬಿಟ್ಟಿದೆ.